ವಡಾಲದ ಜಗಲಿಯಿಂದ: ಪೆಟ್ಟಿಗೆ ಎಲ್ಲಿರಬೇಕು?

ಕಳೆದ ಸಲ ಇದೇ ಜಗಲಿಯಲ್ಲಿ ಕುಳಿತು, ವಡಾಲದ ಮನೆಗಳಲ್ಲಿ ಗೋಡೆ ಗಡಿಯಾರವನ್ನು ಎಲ್ಲಿ ತೂಗುಹಾಕಬೇಕೆಂಬ ವಿಚಾರವಾಗಿ ನಾಲ್ಕು ಮಾತು ಬರೆದಿದ್ದೆವು. ಅಡಿಗೆಮನೆಯಿಂದಲೂ ಬಚ್ಚಲ ಬಾಗಿಲಿನಿಂದಲೂ ಕಾಣದ ಗಡಿಯಾರವಿದ್ದರೆ ಬೆಳಗಿನ ಹಾರ್ಬರ್ ಲೈನಿನ ಗಾಡಿ ತಪ್ಪುವುದು ಖಂಡಿತ ಎಂದು ನಮ್ಮ ವಾದ. ಅದನ್ನೋದಿದ ನಮ್ಮ ಭಾವನವರು ಫೋನು ಮಾಡಿ, “ಗಡಿಯಾರದಲ್ಲಿ ದೊಡ್ಡ ಪಂಡಿತನಾಗಿಬಿಟ್ಟಿದ್ದೀಯಲ್ಲಯ್ಯ, ನಮ್ಮ ದೋಣಿಯಲ್ಲಿ ಚಾರ್ಟ್‌ಪ್ಲಾಟರ್ ಎಲ್ಲಿ ಕೂರಿಸಬೇಕು, ಹೇಳು ನೋಡೋಣ” ಎಂದರು.

ಭಾವನವರು ಸರಕಿನ ಹಡಗುಗಳಲ್ಲಿ ಎಂಜಿನಿಯರಾಗಿ ದುಡಿದು ದಡ ಸೇರಿದವರು. ಎಂಜಿನಿನ ಕೋಣೆಯಲ್ಲಿದ್ದವರಾದ್ದರಿಂದ ಹಡಗು ಎತ್ತ ಹೋಗುತ್ತಿದೆಯೆಂದು ನೋಡುವ ಕೆಲಸ ಅವರದಾಗಿರಲಿಲ್ಲ. ಈಗ ಇಬ್ಬರು ಗೆಳೆಯರೊಡನೆ ಪಾಲು ಹಾಕಿ ಇಪ್ಪತ್ತೈದು ಅಡಿಯ ಹಳೆಯ ಹಾಯಿದೋಣಿಯೊಂದನ್ನು ಕೊಂಡು ಗೇಟ್‌ವೇ ಎದುರಿನ ನೀರಿನಲ್ಲಿ ಲಂಗರು ಹಾಕಿಸಿದ್ದಾರೆ. ಚಾರ್ಟ್‌ಪ್ಲಾಟರ್ ಎಂಬುದು ಆ ದೋಣಿಯ ಜೊತೆಗೇ ಬಂದ ಏಳಂಗುಲದ ಪರದೆಯ ಪೆಟ್ಟಿಗೆ. ಉಪಗ್ರಹಗಳಿಂದ ತಾನಿರುವ ಸ್ಥಳವನ್ನು ತಿಳಿದುಕೊಂಡು, ಸಮುದ್ರದ ನಕ್ಷೆಯ ಮೇಲೆ ದೋಣಿಯನ್ನು ಒಂದು ಬೊಟ್ಟಿನಂತೆ ತೋರಿಸುತ್ತದೆ. ಆಳವೆಷ್ಟು, ಬಂಡೆ ಎಲ್ಲಿ, ದೀಪಸ್ತಂಭ ಎಲ್ಲಿ, ಎಲ್ಲವೂ ಅದರಲ್ಲುಂಟು.

ಪ್ರಶ್ನೆ ತಮಾಷೆಯದಾಗಿರಲಿಲ್ಲ. ಜನವರಿಯ ಒಂದು ಭಾನುವಾರ ನಾವೂ ಆ ದೋಣಿಯಲ್ಲಿದ್ದೆವು. ಪೆಟ್ಟಿಗೆ ಆಗ ಒಳಗಿನ ಕೋಣೆಯ ಮೇಜಿನ ಮೇಲಿತ್ತು. ಮಳೆ ಬಿಸಿಲು ತಾಗದೆ ಭದ್ರವಾಗಿರುತ್ತದೆಂದು ಭಾವನವರ ಯೋಚನೆ. ಚುಕ್ಕಾಣಿಯ ಕೋಲು ಹಿಡಿದವನು ಅಕ್ಕನ ಮಗ, ಹದಿನಾಲ್ಕರ ಹುಡುಗ. ಭಾವನವರು ಕೆಳಗೆ ಪರದೆ ನೋಡಿ “ಎಡಕ್ಕೆ, ಎಡಕ್ಕೆ” ಎಂದು ಕೂಗುವುದು, ಕೂಗು ಗಾಳಿಗೆ ಹಾರಿಹೋಗುವುದು, ಹುಡುಗ “ಏನಂದ್ರಿ ಅಪ್ಪಾ?” ಎನ್ನುವುದು. ಮುಂಬಯಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಉಬ್ಬರವಿಳಿತದ ಅಂತರ ನಾಲ್ಕೂವರೆ ಮೀಟರಿನ ಮೇಲೂ ಹೋಗುತ್ತದೆ. ಇಳಿತದ ನೀರು ದೋಣಿಯನ್ನು ಎಳೆದೊಯ್ದು ಎಲಿಫೆಂಟಾದ ಕಡೆಯ ಕೆಸರಿನ ಮೇಲೆ ಕೂರಿಸಿತು. ನೀರು ಇಳಿದಂತೆ ದೋಣಿ ಮಗ್ಗುಲಿಗೆ ಒರಗಿತು, ನಾವೂ ಒರಗಿದೆವು. ನೀರು ಮತ್ತೆ ಏರುವವರೆಗೆ ಐದು ಗಂಟೆ, ಆರು ಜನಕ್ಕೆ ಒಂದು ಪೊಟ್ಟಣ ಬಿಸ್ಕತ್ತು, ಅಕ್ಕನಿಂದ ಹನ್ನೊಂದು ಫೋನು.

ಮರುಸಲಕ್ಕೆ ಭಾವನವರು ಪೆಟ್ಟಿಗೆಯನ್ನು ಹೊರಗೆ ತಂದು ಚುಕ್ಕಾಣಿಯ ಪಕ್ಕದಲ್ಲೇ ಹಗ್ಗದಿಂದ ಬಿಗಿದರು. ಇದು ಇನ್ನೊಂದು ಅತಿರೇಕ. ಪರದೆ ಮಡಿಲಲ್ಲಿ ಕುಳಿತ ಮೇಲೆ ಕಣ್ಣೆಲ್ಲ ಅದರಲ್ಲೇ. ಸಂಜೆಗತ್ತಲಲ್ಲಿ ದೀಪವಿಲ್ಲದ ಒಂದು ಕೋಳಿ ಮೀನುಗಾರರ ದೋಣಿ ಹತ್ತು ಮಾರು ದೂರದಲ್ಲಿದ್ದಾಗ, ಅದರಲ್ಲಿದ್ದ ಮುದುಕ “ಅರೇ, ಸಮೋರ್ ಬಘಾ!” ಎಂದು ಕಿರುಚದಿದ್ದರೆ ಈ ಜಗಲಿ ಇಂದು ಬರಿದಾಗಿರುತ್ತಿತ್ತು. ಪರದೆಯಲ್ಲಿ ಆ ದೋಣಿ ಇರಲಿಲ್ಲ. ಇರುವುದೂ ಸಾಧ್ಯವಿಲ್ಲ. ಬಲೆ ಕಟ್ಟಲು ನೆಟ್ಟ ಗೂಟಗಳೂ ಇರಲಿಲ್ಲ. ಅಷ್ಟೇಕೆ, ಪೆಟ್ಟಿಗೆಯೊಳಗಿನ ನಕ್ಷೆ ಹಳೆಯದಾದ್ದರಿಂದ, ನಮ್ಮ ನೆರೆಯ ಶಿವಡಿಯಿಂದ ಹೊರಟು 2024ರ ಜನವರಿಯಲ್ಲಿ ತೆರೆದುಕೊಂಡ, ಇಪ್ಪತ್ತೊಂದು ಕಿಲೋಮೀಟರಿಗೂ ಮಿಕ್ಕಿ ಉದ್ದದ ಅಟಲ್ ಸೇತುವೆಯೇ ಅದರಲ್ಲಿರಲಿಲ್ಲ!

ವಿಷಯ ಕಿವಿಗೆ ಬಿದ್ದೊಡನೆ ಅಕ್ಕ ತೀರ್ಪು ಕೊಟ್ಟಳು: “ಇದು ಇತ್ಯರ್ಥವಾಗುವ ತನಕ ಮಗ ದೋಣಿ ಹತ್ತುವುದಿಲ್ಲ.” ಹುಡುಗ ಊಟ ಬಿಟ್ಟ. ಭಾವನವರು ಫೋನು ಮಾಡಿದ್ದು ಆಗ.

“ಸುಹೈಲಿಯಲ್ಲಿ ಯಾವ ಪೆಟ್ಟಿಗೆಯಿತ್ತು?” ಎಂದು ಅವರು ಮೊದಲು ಗುಡುಗಿದರು. ನಿಜವೇ. ಇದೇ ಮುಂಬಯಿಯಲ್ಲಿ ತೇಗದಲ್ಲಿ ಕಟ್ಟಿದ ಮೂವತ್ತೆರಡು ಅಡಿಯ ಸುಹೈಲಿಯಲ್ಲಿ ರಾಬಿನ್ ನಾಕ್ಸ್-ಜಾನ್‌ಸ್ಟನ್ 1968ರ ಜೂನಿನಲ್ಲಿ ಇಂಗ್ಲೆಂಡಿನಿಂದ ಹೊರಟು, ಒಬ್ಬರೇ, ಎಲ್ಲಿಯೂ ನಿಲ್ಲದೆ ಭೂಮಿಯನ್ನು ಸುತ್ತಿ 1969ರ ಏಪ್ರಿಲಿನಲ್ಲಿ ಮರಳಿದರು. ಸೂರ್ಯ ನಕ್ಷತ್ರಗಳ ಎತ್ತರ ಅಳೆಯುವ ಸೆಕ್ಸ್‌ಟಂಟ್ ಅವರಿಗೆ ದಾರಿ ತೋರಿಸಿತು. ಅಕ್ಕ ಹಿಂದಿನಿಂದ, “ಅವರು ಸ್ಕೂಲಿಗೆ ಹೋಗುವ ಮಗನನ್ನು ಕೂರಿಸಿಕೊಂಡಿರಲಿಲ್ಲ” ಎಂದದ್ದು ನಮಗೂ ಕೇಳಿಸಿತು.

ನಾವು ಗುಮಾಸ್ತರು. ಕಡತವೊಂದು ಮೇಜಿಗೆ ಬಂದರೆ ಹಿಂದಿನ ಕಾಗದಗಳನ್ನು ನೋಡದೆ ಟಿಪ್ಪಣಿ ಬರೆಯುವವರಲ್ಲ. ನೋಡಿದಾಗ ಒಂದು ಹಳೆಯ ಪ್ರಕರಣ ಸಿಕ್ಕಿತು. 2014ರ ನವೆಂಬರ್ 29ರ ರಾತ್ರಿ, ಕೇಪ್‌ಟೌನಿನಿಂದ ಅಬುಧಾಬಿಗೆ ಪಂದ್ಯದಲ್ಲಿ ಓಡುತ್ತಿದ್ದ ವೆಸ್ಟಾಸ್ ವಿಂಡ್ ಎಂಬ ದೋಣಿ ಮಾರಿಷಸ್ಸಿನ ಈಶಾನ್ಯದ ಕಾರ್ಗಡೋಸ್ ಕರಾಜೋಸ್ ಹವಳದ ದಿಬ್ಬಕ್ಕೆ ಬಡಿಯಿತು. ಒಂಬತ್ತು ಮಂದಿಯೂ ಬದುಕಿದರು. ಆ ದೋಣಿಯಲ್ಲಿ ನಕ್ಷೆಯ ಯಂತ್ರಕ್ಕೆ ಬಡತನವೇ? ಆದರೆ ದೂರದ ನೋಟಕ್ಕಿಟ್ಟ ಪರದೆಯಲ್ಲಿ ದಿಬ್ಬದ ನಿಜಸ್ವರೂಪ ಕಾಣಿಸುವುದಿಲ್ಲ. ಹತ್ತಿರದ ನೋಟಕ್ಕೆ ತಂದು ನೋಡಿದರೆ ಮಾತ್ರ ಬಂಡೆ ಬಂಡೆಯಾಗುತ್ತದೆ. ಇದನ್ನೋದಿದ ಮೇಲೆ ನಮಗೆ ತೋರಿದ್ದೇನೆಂದರೆ: ಪೆಟ್ಟಿಗೆ ಚುಕ್ಕಾಣಿಗನಿಗೆ ಕಾಣುತ್ತಿರಬೇಕು, ಕೈ ಚಾಚಿದರೆ ಗುಂಡಿ ಸಿಗಬೇಕು, ಆದರೆ ಸಮುದ್ರಕ್ಕೂ ಅವನಿಗೂ ನಡುವೆ ಬರಬಾರದು.

ಊರಿಗೆ ಹೋದಾಗ ಮಲ್ಪೆಯ ತಾಂಡೇಲರೊಬ್ಬರನ್ನು ಕೇಳಿದೆವು. ಅವರ ಬೋಟಿನಲ್ಲಿ ಪರದೆ ಕಿಟಕಿಯ ಕೆಳಗಿಲ್ಲ, ಮಗ್ಗುಲಿಗಿದೆ. “ಎದುರಿಗಿಟ್ಟರೆ ನೋಡುತ್ತಾ ಕೂರುತ್ತೇವೆ ಮಾರಾಯ್ರೆ. ಪಕ್ಕಕ್ಕಿದ್ದರೆ ಬೇಕಾದಾಗ ಕತ್ತು ತಿರುಗಿಸುತ್ತೇವೆ” ಎಂದರು. ಎರಡು ಸಾಲಿನಲ್ಲಿ ನಮ್ಮ ಟಿಪ್ಪಣಿ ಮುಗಿದೇಹೋಯಿತು.

ಉಳಿದದ್ದು ಜಾಗ. ಒಳಕೋಣೆಯ ಹೊರಗೋಡೆಯ ಮೇಲೆ ಕೂರಿಸಿದರೆ ಸರಿಯೆಂದು ಭಾವನವರು. ಆದರೆ ದಿಕ್ಸೂಚಿ ಅಲ್ಲೇ ಇದೆ. ಇಂಥ ಪೆಟ್ಟಿಗೆಯೂ ಅದರ ತಂತಿಗಳೂ ಹತ್ತಿರ ಬಂದರೆ ಸೂಜಿ ಸುಳ್ಳು ಹೇಳುತ್ತದೆ. ಎಷ್ಟು ದೂರವಿರಬೇಕೆಂದು ಕೈಪಿಡಿಯಲ್ಲಿ ಅಚ್ಚಾಗಿರುತ್ತದೆ, ಓದುವವರಿಲ್ಲ. ಮೇಲಾಗಿ ದೋಣಿ ಬಾಗಿದಾಗ ಮುಂದೆ ಕುಳಿತವರ ಬೆನ್ನು ಪರದೆಯನ್ನು ಮರೆಮಾಡುತ್ತದೆ. ಕಡೆಗೆ ಒಪ್ಪಿಗೆಯಾದದ್ದು ಒಳಕೋಣೆಯ ಬಾಗಿಲ ಚೌಕಟ್ಟಿಗೆ ಒಂದು ತಿರುಗುವ ತೋಳು. ಹಾಯಿ ಬಿಟ್ಟಾಗ ಹೊರಕ್ಕೆ ತಿರುಗಿಸಿದರೆ ಚುಕ್ಕಾಣಿಗನಿಗೆ ಓರೆಯಾಗಿ ಕಾಣುತ್ತದೆ, ಲಂಗರು ಹಾಕಿದಾಗ ಒಳಕ್ಕೆ ತಳ್ಳಿದರೆ ಬಿಸಿಲು ಉಪ್ಪುನೀರು ತಾಗದು. ಏಣಿ ಹತ್ತುವವರಿಗೆ ಅಡ್ಡ ಬರುತ್ತದೆಂಬುದೊಂದು ಕುಂದು. ರಾತ್ರಿ ಪರದೆಯ ಬೆಳಕನ್ನು ತೀರ ಇಳಿಸಬೇಕು. ಕತ್ತಲಿಗೆ ಹೊಂದಿದ ಕಣ್ಣು ಒಂದು ಸಲ ಕೋರೈಸಿದರೆ ಮತ್ತೆ ಹೊಂದಲು ಇಪ್ಪತ್ತು ನಿಮಿಷವಾದರೂ ಬೇಕು. ಕಪ್ಪು ಕನ್ನಡಕಗಳಲ್ಲಿ ಕೆಲವನ್ನು ಹಾಕಿಕೊಂಡು ನೋಡಿದರೆ ಪರದೆಯೇ ಕಪ್ಪಾಗುತ್ತದೆ. ಭಾವನವರು ಪೆಟ್ಟಿಗೆ ಕೆಟ್ಟಿತೆಂದು ರಿಪೇರಿಗೆ ಒಯ್ಯಲು ಹೊರಟಿದ್ದರು!

ತೂತು ಕೊರೆದ ಮೇಲೆ ಮರಳಿ ಮುಚ್ಚಲಾಗದೆಂದು, ಮಿಠಾಯಿ ಡಬ್ಬಿಯ ಮುಚ್ಚಳವನ್ನು ಪರದೆಯ ಅಳತೆಗೆ ಕತ್ತರಿಸಿ, ಒಂದು ಕೋಲಿನ ತುದಿಗೆ ಅಂಟಿಸಿ ಬಾಗಿಲ ಪಕ್ಕ ಕಟ್ಟಿದೆವು. ಮೂರು ಭಾನುವಾರ ಅದೇ ನಮ್ಮ ಚಾರ್ಟ್‌ಪ್ಲಾಟರ್. ಮೂರನೆಯ ಭಾನುವಾರ ಅಕ್ಕ ತಾನೇ ದೋಣಿ ಹತ್ತಿದಳು, ಮೊದಲ ಸಲ. ಚುಕ್ಕಾಣಿಯ ಬಳಿ ಮಗನನ್ನು ಕೂರಿಸಿ, ತಾನು ಹಿಂದೆ ಬಗ್ಗಿ, ಅವನ ಕಿವಿಗೆ ತನ್ನ ಕಿವಿ ತಾಗಿಸಿ ಮುಚ್ಚಳವನ್ನೂ ನೀರನ್ನೂ ನೋಡಿದಳು.

“ಒಂದು ಗೇಣು ಕೆಳಗೆ ಮಾಡಿ. ಇದು ನಿಮ್ಮ ಎತ್ತರಕ್ಕಿದೆ, ಇವನ ಎತ್ತರಕ್ಕಲ್ಲ” ಎಂದಳು.

ಭಾವನವರು ಮಾತಾಡದೆ ಪೆನ್ಸಿಲ್ ತೆಗೆದು ಗುರುತು ಹಾಕಿದರು. ಹುಡುಗ ಮುಂದೆ ನೋಡುತ್ತಿದ್ದ.