ಕೋಲು ಆಮೇಲೆ, ಮೊದಲು ಕಾಲು

ಕೋಲಿನ ಆಟ ಯಾವುದೇ ಇರಲಿ, ಕಲಿಸುವವರು ಮೊದಲ ತಿಂಗಳು ಕೈಗೆ ಕೋಲು ಕೊಡಲೇಬಾರದು ಅನ್ನೋದು ನನ್ನ ವಾದ. ನಮ್ಮ ಕಡೆಯವರ ಮುಂದೆ ಇದನ್ನು ಹೇಳಿದರೆ ನಗುತ್ತಾರೆ. "ಕೋಲಿಲ್ಲದೆ ಎಂಥ ಕೋಲಾಟ ಮಾರಾಯ?" ಅಂತ ಗೆಳೆಯನೊಬ್ಬ ಕೇಳಿಯೂ ಕೇಳಿದ. ಫೋನಿನಲ್ಲಿ ಅವನಿಗೆ ಎರಡೇ ಮಾತಿನಲ್ಲಿ ಹೇಳಿ ಮುಗಿಸುವ ವಿಷಯ ಇದಲ್ಲ, ಹಾಗಾಗಿ ಇಲ್ಲಿ ಕೂತು ಬರೆಯುತ್ತಿದ್ದೇನೆ.

ನಮ್ಮೂರು ಕರಿಕೆ. ಭಾಗಮಂಡಲದಿಂದ ಕಾಡಿನ ಘಾಟಿ ಇಳಿದು ಬಂದರೆ ಸಿಗುವ ಕೊಡಗಿನ ಕಟ್ಟಕಡೆಯ ಊರು. ಇನ್ನೂ ಸ್ವಲ್ಪ ಮುಂದೆ ಹೋದರೆ ಪಾಣತ್ತೂರು, ಅಲ್ಲಿಗೆ ಕೇರಳ. ಮನೆಯಲ್ಲಿ ಅರೆಭಾಷೆ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಮಲಯಾಳಂ. ಹೊಟ್ಟೆಪಾಡು ಮಾತ್ರ ಬೆಂಗಳೂರಿನಲ್ಲಿ, ಎಲ್ಲರಂತೆ ಸಾಫ್ಟ್‌ವೇರ್. ದಿನವಿಡೀ ಕೂತು ಕೂತು ಸೊಂಟ ಹಿಡಿದುಕೊಂಡ ಮೇಲೆ, ಆಫೀಸಿನ ಗೆಳೆಯನೊಬ್ಬ ಎಳೆದುಕೊಂಡು ಹೋಗಿದ್ದರಿಂದ ಶನಿವಾರದ ಒಂದು ಕ್ಲಾಸಿಗೆ ಸೇರಿದೆ. ಅಲ್ಲಿ ಕಲಿಸುವುದು ಫಿಲಿಪೀನ್ಸಿನ ಬೆತ್ತದ ವಿದ್ಯೆ. ಅದಕ್ಕೆ ಆರ್ನಿಸ್ ಅಂತಲೂ ಹೆಸರು, ಎಸ್ಕ್ರಿಮಾ ಅಂತಲೂ ಹೆಸರು, ಅಮೆರಿಕದವರ ಬಾಯಲ್ಲಿ ಕಾಲಿ. 2002ರ 'ಬೋರ್ನ್ ಐಡೆಂಟಿಟಿ' ಸಿನಿಮಾದಲ್ಲಿ ನಾಯಕ ಒಂದು ಪೆನ್ನು ಹಿಡಿದು ಚಾಕುವಿನವನ ಜೊತೆ ಹೊಡೆದಾಡುತ್ತಾನಲ್ಲ, ಆ ಹೊಡೆದಾಟದ ಬೇರು ಇದೇ ವಿದ್ಯೆಯಲ್ಲಿದೆ. ನಾನೂ ಅದನ್ನೇ ನಿರೀಕ್ಷಿಸಿ ಹೋಗಿದ್ದು. ಸಿಕ್ಕಿದ್ದು ಸೀಮೆಸುಣ್ಣ :-)

ನೆಲದ ಮೇಲೆ ಒಂದು ತ್ರಿಕೋನ ಬರೆದರು. ಅದರ ತುದಿಯಲ್ಲಿ ಎರಡೂ ಪಾದ ಜೋಡಿಸಿ ನಿಲ್ಲು ಅಂದರು. ಎದುರಿಗೆ ಎರಡು ಗೆರೆ, ಒಂದು ಎಡಕ್ಕೆ ಓರೆಯಾಗಿ, ಇನ್ನೊಂದು ಬಲಕ್ಕೆ ಓರೆಯಾಗಿ. ಬಲಗಾಲು ಬಲಗೆರೆಯ ತುದಿಗೆ, ವಾಪಸ್ಸು. ಎಡಗಾಲು ಎಡಗೆರೆಯ ತುದಿಗೆ, ವಾಪಸ್ಸು. ಇದು ಹೆಣ್ಣು ತ್ರಿಕೋನವಂತೆ. ಇನ್ನೊಂದು ಇದರ ತಿರುಗುಮುರುಗು. ತುದಿ ಎದುರಾಳಿಯ ಕಡೆಗೆ, ನಾವು ಅಲ್ಲಿಂದ ಓರೆಯಾಗಿ ಹಿಂದಕ್ಕೆ ಸರಿಯಬೇಕು, ಅದು ಗಂಡು ತ್ರಿಕೋನ. (ಮುಂದೆ ಹೋಗೋದು ಹೆಣ್ಣು, ಹಿಂದೆ ಸರಿಯೋದು ಗಂಡು. ಹೆಸರಿಟ್ಟವರು ಸಂಸಾರಸ್ಥರೇ ಇರಬೇಕು.) ಗುರುವಿನಿಂದ ಗುರುವಿಗೆ ಹೆಸರು ಒಂದಿಷ್ಟು ಬದಲಾಗುತ್ತದೆ, ತ್ರಿಕೋನ ಬದಲಾಗೋದಿಲ್ಲ.

ಆರು ವಾರ ಇಷ್ಟೇ. ಮೊದಲ ಎರಡು ವಾರ ಬೇಜಾರು. ಮೂರನೇ ವಾರದ ಹೊತ್ತಿಗೆ ಯಾಕೆ ಅನ್ನೋದು ಕಾಲಿಗೆ ಹೊಳೆಯಿತು, ತಲೆಗೆ ಆಮೇಲೆ. ಒಬ್ಬ ನಿಮ್ಮ ತಲೆಗೆ ಬೆತ್ತ ಬೀಸುತ್ತಾನೆ ಅಂತಿಟ್ಟುಕೊಳ್ಳಿ. ನೇರ ಹಿಂದೆ ಸರಿದರೆ ಅವನು ಇನ್ನೊಂದು ಹೆಜ್ಜೆ ಮುಂದೆ ಬಂದು ಮತ್ತೆ ಬೀಸುತ್ತಾನೆ. ಮುಂದೆ ನೋಡಿಕೊಂಡು ಓಡುವವನಿಗಿಂತ ಹಿಂದೆ ಹಿಂದೆ ಓಡುವವನು ಯಾವತ್ತೂ ನಿಧಾನವೇ. ನಿಂತಲ್ಲೇ ನಿಂತು ಅಡ್ಡ ಹಿಡಿದರೆ ಏಟಿನ ಪೂರ್ತಿ ಭಾರ ಮಣಿಕಟ್ಟಿಗೆ. ಓರೆಯಾಗಿ ಮುಂದೆ ಹೋದರೆ ಏಟಿನ ಗೆರೆಯಿಂದಲೂ ತಪ್ಪಿಸಿಕೊಂಡಿರಿ, ಅವನ ಕೈಯ ಹತ್ತಿರಕ್ಕೂ ಬಂದಿರಿ. ಬೀಸುವ ಕೋಲಿನಲ್ಲಿ ತುದಿಗೆ ಇರುವ ವೇಗ ಬುಡಕ್ಕೆ ಇರೋದಿಲ್ಲ, ಪಿಯುಸಿಯಲ್ಲಿ ಓದಿದ ವೃತ್ತೀಯ ಚಲನೆಯ ಪಾಠ ಅಷ್ಟೇ. ಹತ್ತಿರ ಹೋದಷ್ಟೂ ಏಟು ಮೆತ್ತಗೆ. ಈ ಲೆಕ್ಕವನ್ನು ತಲೆ ಹಾಕಿ ಮುಗಿಸುವಷ್ಟರಲ್ಲಿ ಬೆತ್ತ ಬಿದ್ದಿರುತ್ತದೆ, ಹಾಗಾಗಿಯೇ ಆರು ವಾರ ಬೇಕು. ಒಂದು ಕಾಲು ಇನ್ನೊಂದನ್ನು ದಾಟಿ ಕತ್ತರಿ ಆಗಬಾರದು, ಭಾರ ಎರಡು ಕಾಲಿನ ನಡುವೆ ಇರಬೇಕು, ಮೊಣಕಾಲು ಸ್ವಲ್ಪ ಸಡಿಲ. ಇಷ್ಟೇ ನಿಯಮ.

ಆಮೇಲೆ ಬಂತು ಬೆತ್ತ. ಸುಮಾರು 28 ಅಂಗುಲ. ಬಿದಿರಿನ ಹಾಗೆ ಟೊಳ್ಳಲ್ಲ, ಒಳಗೆಲ್ಲ ನಾರು ತುಂಬಿದ್ದು. ಏಟು ತಿಂದು ತಿಂದು ಬಿದಿರು ಸೀಳಿ ಚೂಪಾಗುತ್ತದೆ, ಬೆತ್ತ ಮಾತ್ರ ನಾರು ನಾರಾಗಿ ಸವೆಯುತ್ತದೆ. ಎರಡು ಬೆತ್ತ ಹಿಡಿದು ಜೋಡಿಯಾಗಿ ಮಾಡುವ ಅಭ್ಯಾಸಕ್ಕೆ ಸಿನವಾಲಿ ಅಂತ ಹೆಸರು. ಸವಾಲಿ ಅಂದರೆ ಅಲ್ಲಿನ ಬಿದಿರಿನ ತಟ್ಟಿ, ಅದರ ಹೆಣಿಗೆಯಂತೆ ಕೋಲುಗಳು ಮೇಲೆ ಕೆಳಗೆ ಹೆಣೆದುಕೊಂಡು ಹೋಗುತ್ತವೆ. ಅದನ್ನು ಮೊದಲ ಸಲ ನೋಡಿದ ಯಾವ ಕನ್ನಡಿಗನಾದರೂ ಹೇಳೋದು ಒಂದೇ ಮಾತು, "ಅಯ್ಯೋ, ಇದು ನಮ್ಮ ಕೋಲಾಟ ಅಲ್ವಾ!"

ಇಲ್ಲಿಂದಲೇ ಶುರುವಾಗುತ್ತದೆ ನಮ್ಮವರ ಇನ್ನೊಂದು ಕಾಯಿಲೆ. ಅಲ್ಲಿನ ಕಾಲಿ, ನಮ್ಮ ಕೊಡವ ತಕ್ಕ್‌ನ 'ಕಳಿ', ಪಕ್ಕದ ಕಳರಿ... ಎಲ್ಲ ಒಂದೇ, ಎಲ್ಲ ಇಲ್ಲಿಂದಲೇ ಹೋಗಿದ್ದು ಅಂತ ಸಾಧಿಸುವುದು. ಕೊಡವ ತಕ್ಕ್‌ನಲ್ಲಿ ಕಳಿ ಅಂದರೆ ಆಟ ಅಷ್ಟೇ. ಕಳರಿ ಅಂದರೆ ಅಭ್ಯಾಸದ ಕಣ. ಎಸ್ಕ್ರಿಮಾ, ಆರ್ನಿಸ್ ಎರಡೂ ಸ್ಪ್ಯಾನಿಷ್ ಪದಗಳಿಂದ ಬಂದವು, ಅಲ್ಲಿ ಸ್ಪೇನಿನವರು 300 ವರ್ಷಕ್ಕಿಂತ ಹೆಚ್ಚು ಆಳಿದ್ದಾರೆ. ಹೆಸರು ಒಂದೇ ಥರ ಕೇಳಿಸಿತು ಅಂತ ನೆಂಟಸ್ತನ ಮಾಡಿಕೊಂಡು ಕೂತರೆ ಹೆಮ್ಮೆ ಸಿಗುತ್ತದೆ, ಹೆಜ್ಜೆ ಬರೋದಿಲ್ಲ. ನನಗೆ ಹೆಜ್ಜೆ ಬೇಕು.

ಯಾಕೆಂದರೆ ನಮ್ಮಲ್ಲೇ ಒಂದು ಆಟ ಇದೆ, ಪೂರ್ತಿ ಕಾಲಿನ ಆಟ. ಪರೆಯ ಕಳಿ. ಕೆಲವರು ಪರಿಯ ಕಳಿ ಅನ್ನುತ್ತಾರೆ. ಕೊಡವರ ಆಟ ಇದು, ಪುತ್ತರಿಯ ಹೊತ್ತಿಗೆ ಮಂದ್‌ಗಳಲ್ಲಿ ಕೋಲಾಟದ ಜೊತೆ ಆಡುತ್ತಾರೆ. ಒಂದು ಕೈಯಲ್ಲಿ ಬೆತ್ತ, ಇನ್ನೊಂದರಲ್ಲಿ ಹೆಣೆದ ಗುರಾಣಿ. ಏಟು ಬೀಳಬೇಕಾದ್ದು ಮೊಣಕಾಲಿನ ಕೆಳಗೆ ಮಾತ್ರ. ನಾನು ಇದನ್ನು ಚಿಕ್ಕವನಿದ್ದಾಗ ನೋಡಿದ್ದು ಮಡಿಕೇರಿಯಲ್ಲಿ. ಆಗ ಕಣ್ಣಿಗೆ ಬಿದ್ದಿದ್ದು ಕುಪ್ಯ, ಚೇಲೆ, ಬೆತ್ತದ ಛಟೀರ್ ಸದ್ದು. ಈಗ ಅದರ ವಿಡಿಯೋ ನೋಡಿದರೆ ನನ್ನ ಕಣ್ಣು ಸೊಂಟದಿಂದ ಮೇಲೆ ಹೋಗೋದೇ ಇಲ್ಲ.

ಆ ಒಂದು ನಿಯಮ ಏನೆಲ್ಲ ಮಾಡುತ್ತದೆ ನೋಡಿ. ಫಿಲಿಪೀನ್ಸಿನ ಹಳೆಯ ಬೆತ್ತದವರು ಗುರಿಯಿಡುತ್ತಿದ್ದದ್ದು ಎದುರಾಳಿಯ ಕೈಗೆ. ಕೈ ಕಾಪಾಡಿಕೊಳ್ಳಬೇಕಾದವನಿಗೆ ಓರೆಯಾಗಿ ಒಳಗೆ ನುಗ್ಗುವ ಹೆಜ್ಜೆ ಸರಿ. ಪರೆಯ ಕಳಿಯಲ್ಲಿ ಗುರಿ ಕಣಕಾಲು. ಅಲ್ಲಿ ನಾನು ಕಲಿತ ಹೆಣ್ಣು ತ್ರಿಕೋನದ ಹೆಜ್ಜೆ ಇಟ್ಟರೆ ಏನಾಗುತ್ತದೆ? ಏಟಿಗೆ ನಾನೇ ಕಾಲನ್ನು ತಟ್ಟೆಯಲ್ಲಿಟ್ಟು ಬಡಿಸಿದ ಹಾಗೆ! ಮುಂದಿಟ್ಟ ಕಾಲೇ ಅಲ್ಲಿ ಗುರಿ. ಹಾಗಾಗಿ ಆ ಆಟಕ್ಕೆ ಬೇಕಾದ ಹೆಜ್ಜೆ ಬೇರೆಯೇ. ಭಾರ ಹಿಂಗಾಲಿನ ಮೇಲೆ, ಮುಂಗಾಲು ಯಾವ ಕ್ಷಣದಲ್ಲೂ ಎತ್ತಿಕೊಳ್ಳುವಷ್ಟು ಹಗುರ, ಗುರಾಣಿ ತಗ್ಗಿ, ಬೆನ್ನು ಮಾತ್ರ ತಗ್ಗಬಾರದು. ಮನಿಲಾದ ತ್ರಿಕೋನವನ್ನು ತಂದು ಮಡಿಕೇರಿಯ ಮಂದ್‌ನಲ್ಲಿ ಬರೆಯಿರಿ ಅಂತ ನಾನು ಹೇಳುತ್ತಿಲ್ಲ ಅನ್ನೋದಕ್ಕೆ ಇಷ್ಟು ಉದ್ದ ಹೇಳಬೇಕಾಯಿತು. ಸೀಮೆಸುಣ್ಣ ಸಾಕು, ತ್ರಿಕೋನ ನಮ್ಮದೇ ಹುಡುಕಿಕೊಳ್ಳೋಣ.

ಕಳೆದ ಮಳೆಗಾಲದಲ್ಲಿ ರಜೆ ಹಾಕಿ ಊರಿಗೆ ಹೋಗಿದ್ದೆ. ಕರಿಕೆಯ ಮಳೆ ಗೊತ್ತಿದ್ದವರಿಗೆ ಗೊತ್ತು, ಅಂಗಳವೆಲ್ಲ ಪಾಚಿ, ನಡೆಯೋದಕ್ಕೆ ಅಡಿಕೆ ಸೋಗೆ ಹಾಸಿರುತ್ತಾರೆ. ಜಗಲಿಯಲ್ಲಿ ಗೆರೆ ಬರೆದುಕೊಂಡು ನಾನು ಅಭ್ಯಾಸ ಮಾಡುತ್ತಿದ್ದೆ. ದೊಡ್ಡಪ್ಪ ಎಲೆ ಅಡಿಕೆ ಹಾಕಿಕೊಳ್ಳುತ್ತಾ ತುಂಬಾ ಹೊತ್ತು ನೋಡಿದರು.

"ಎಂಥದು ಮಗ ಅದು, ಕುಂಟೆಬಿಲ್ಲೆಯಾ?"

"ಅಲ್ಲ ದೊಡ್ಡಪ್ಪ, ಕೋಲಿನ ಆಟ."

"ಕೋಲೆಲ್ಲಿ?"

ಹೇಳಿದೆ. ನಗುತ್ತಾರೆ ಅಂದುಕೊಂಡಿದ್ದೆ, ನಗಲಿಲ್ಲ. ಹುತ್ತರಿ ಕೋಲಾಟಕ್ಕೆ ಅವರ ಕಾಲದಲ್ಲಿ ಕೋಲು ತಪ್ಪಿದರೆ ಯಾರೂ ಏನೂ ಅನ್ನುತ್ತಿರಲಿಲ್ಲವಂತೆ. ಹೆಜ್ಜೆ ತಪ್ಪಿದವನನ್ನು ಮಾತ್ರ ಸುತ್ತಿನಿಂದ ಹೊರಗೆ ನಿಲ್ಲಿಸುತ್ತಿದ್ದರಂತೆ. ಸುತ್ತು ತಿರುಗುತ್ತಾ ಇರುವಾಗ ಒಬ್ಬನ ಹೆಜ್ಜೆ ತಪ್ಪಿದರೆ ಅವನ ಹಿಂದಿನವನ ಕೋಲಿಗೆ ಜೋಡಿಯೇ ಸಿಗೋದಿಲ್ಲವಲ್ಲ. ಹಾಗಾದರೆ ನಿಮಗೆ ಹೆಜ್ಜೆ ಕಲಿಸಿದ್ದು ಯಾರು ದೊಡ್ಡಪ್ಪ ಅಂತ ಕೇಳಿದೆ.

"ಕಲಿಸೋದು ಯಾರು? ದೊಡ್ಡವರ ಹಿಂದೆ ನಿಂತು ನೋಡೋದು, ಅಷ್ಟೆ."

ನನ್ನ ಪ್ರಕಾರ ಸಮಸ್ಯೆ ಪೂರ್ತಿ ಇರೋದು ಈ ಒಂದು ಮಾತಿನಲ್ಲಿ. ಹಿಂದೆ ನಿಂತು ನೋಡಿ ಕಲಿಯೋದಕ್ಕೆ ಮುಂದೆ ಆಡುವವರು ಬೇಕು, ಹಿಂದೆ ನಿಲ್ಲುವವರಿಗೆ ಪುರುಸೊತ್ತು ಬೇಕು. ನಾವೆಲ್ಲ ಬೆಂಗಳೂರಿನಲ್ಲಿದ್ದೇವೆ. ಹಬ್ಬಕ್ಕೆ ಎರಡು ದಿನದ ರಜೆ, ಅದರಲ್ಲಿ ಒಂದು ದಿನ ಬಸ್ಸಿಗೆ. ವೇದಿಕೆ ಕಾರ್ಯಕ್ರಮಕ್ಕೆ ಅಂತ ಒಂದು ವಾರ ತಾಲೀಮು ಮಾಡಿಸಿದರೆ ಕೈ ಕಲಿಯುತ್ತದೆ, ಯಾಕೆಂದರೆ ಪ್ರೇಕ್ಷಕರಿಗೆ ಕಾಣೋದು, ಕೇಳಿಸೋದು ಅದೇ. ಕಾಲು ಕಲಿಯೋದಿಲ್ಲ. ಕಾಲು ಬಾರದವನಿಗೆ ಪರೆಯ ಕಳಿಯಲ್ಲಿ ಬೆತ್ತದ ಬರೆ ಬೀಳುತ್ತದೆ, ಮುಂದಿನ ವರ್ಷ ಅವನು ಬರೋದಿಲ್ಲ.

ಗಡಿ ದಾಟಿದರೆ ಬೇರೆ ಲೆಕ್ಕ. ಉತ್ತರ ಕೇರಳದ ಕಳರಿಪ್ಪಯಟ್ಟಿನಲ್ಲಿ ಮೊದಲು ಮೈಯ ಅಭ್ಯಾಸ, ಹೆಜ್ಜೆ. ಆಮೇಲೆ ಮರದ ಕೋಲುಗಳು, ಅದೂ ಆದ ಮೇಲೆ ಕಬ್ಬಿಣದ ಆಯುಧ. ಹೆಜ್ಜೆಗೆ ಚುವಡು ಅಂತ ಹೆಸರೇ ಇದೆ. ಅಭ್ಯಾಸಕ್ಕೆ ವಾಯ್ತಾರಿ ಅಂತ ಬಾಯಿಮಾತಿನ ಆಜ್ಞೆಗಳ ಸಾಲು, ಗುರುಕ್ಕಳ್ ಹೇಳುತ್ತಾ ಹೋದಂತೆ ಶಿಷ್ಯ ಮಾಡುತ್ತಾ ಹೋಗುವುದು. ಒಂದು ಥರ ಪ್ರೋಗ್ರಾಮ್ ಇದ್ದ ಹಾಗೆ, ಓಡಿಸೋದಕ್ಕೆ ಗಂಟಲು ಇದ್ದರೆ ಸಾಕು. ಅವರ ಗಿಡ್ಡ ಕೋಲಿನ ಹೆಸರೇ ಮೂರು ಗೇಣು ಅನ್ನುವ ಅರ್ಥದ ಮುಚ್ಚಾಣ್. ನನ್ನ 28 ಅಂಗುಲದ ಬೆತ್ತ ಹೆಚ್ಚುಕಡಿಮೆ ಅಷ್ಟೇ. (ಮತ್ತೆ ನೆಂಟಸ್ತನ ಬೇಡ. ಮನುಷ್ಯನ ತೋಳು ಎಲ್ಲ ಕಡೆ ಒಂದೇ ಅಳತೆಯದ್ದು.)

ಫಿಲಿಪೀನ್ಸಿನವರ ಕಥೆ ನಮಗೆ ಇನ್ನೂ ಹತ್ತಿರ. ಅಲ್ಲೂ ಇದು ಊರೂರಿನ, ಮನೆಮನೆಯ ಗುಟ್ಟಿನ ವಿದ್ಯೆಯಾಗಿತ್ತು. ರೆಮಿ ಪ್ರೆಸಾಸ್ ಅಂತ ಒಬ್ಬರು ಇದ್ದರು, 1936ರಲ್ಲಿ ನೆಗ್ರೋಸ್ ದ್ವೀಪದಲ್ಲಿ ಹುಟ್ಟಿದವರು, 2001ರಲ್ಲಿ ತೀರಿಕೊಂಡರು. ದೈಹಿಕ ಶಿಕ್ಷಣದ ಮೇಷ್ಟ್ರು. ಹಳೆಯ ಪದ್ಧತಿಯಲ್ಲಿ ಅಭ್ಯಾಸದಲ್ಲೂ ಏಟು ಕೈಗೇ ಬೀಳುತ್ತಿತ್ತು, ಬೆರಳು ಜಜ್ಜಿಸಿಕೊಂಡ ಹುಡುಗರು ಮತ್ತೆ ಬರುತ್ತಿರಲಿಲ್ಲ. ಅವರು ಮಾಡಿದ ಬದಲಾವಣೆ ಸಣ್ಣದು, ಅಭ್ಯಾಸದಲ್ಲಿ ಬೆತ್ತ ಬೆತ್ತಕ್ಕೇ ಹೊಡೆಯಲಿ ಅಂದರು. ಹೊಡೆತಗಳಿಗೆ ಒಂದರಿಂದ ಹನ್ನೆರಡರ ತನಕ ನಂಬರು ಕೊಟ್ಟರು. ಶಾಲೆ ಕಾಲೇಜಿನ ಪಿ.ಟಿ. ಪೀರಿಯಡ್ಡಿನಲ್ಲಿ ಕಲಿಸಬಹುದಾದ ರೂಪ ಬಂತು. 2009ರ ಡಿಸೆಂಬರಿನಲ್ಲಿ ಆರ್ನಿಸ್ ಅಲ್ಲಿನ ರಾಷ್ಟ್ರೀಯ ಕ್ರೀಡೆ ಅಂತ ಕಾನೂನೇ ಆಯಿತು, 2019ರ ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ ಪದಕದ ಆಟವಾಗಿಯೂ ಬಂತು. ಹಳಬರು ಇದೆಲ್ಲ ನೀರು ಸೇರಿಸಿದ ಹಾಲು ಅಂತ ಬೈಯುತ್ತಾರೆ. ಇರಬಹುದು. ಆದರೆ ಆ ನೀರು ಹಾಲು ಬೆಂಗಳೂರಿನ ಒಂದು ಮಹಡಿಯ ಮೇಲೆ ನನ್ನ ತನಕ ಬಂತು. ನಮ್ಮ ಗಟ್ಟಿ ಹಾಲು ಮಡಿಕೇರಿಯಿಂದ ಕರಿಕೆಗೇ ಬಂದಿಲ್ಲ.

ಇದಕ್ಕೆ ಬರುವ ತಕರಾರು ನನಗೆ ಗೊತ್ತು. ಪರೆಯ ಕಳಿ ಕ್ರೀಡೆಯಲ್ಲ, ಹಬ್ಬದ ಆಚರಣೆ, ಅದನ್ನು ಕ್ಲಾಸು ಮಾಡಬೇಡಿ ಅಂತ. ಹಬ್ಬದ ದಿನ ಅದು ಆಚರಣೆಯಾಗಿಯೇ ಇರಲಿ, ಮಂದ್‌ನ ರೀತಿ ನೀತಿ ಒಂದೂ ಬದಲಾಗುವುದು ಬೇಡ. ಹಬ್ಬದ ಮುಂಚಿನ ಹನ್ನೊಂದು ತಿಂಗಳ ಬಗ್ಗೆ ನಾನು ಹೇಳುತ್ತಿರೋದು. ತೆಂಗಿನಕಾಯಿಗೆ ಗುಂಡು ಹೊಡೆಯೋದೂ ಕೈಲ್‌ಪೊಳ್ದ್ ಹಬ್ಬದ್ದೇ ಅಲ್ಲವೇ? ಅದಕ್ಕೆ ಸ್ಪರ್ಧೆಗಳಿವೆ, ಬಹುಮಾನ ಇದೆ, ಯಾರ ಹಬ್ಬವೂ ಕೆಟ್ಟಿಲ್ಲ. ಹಾಕಿಯನ್ನಂತೂ ಬಿಡಿ. ಕೊಡವ ಕುಟುಂಬಗಳ ಹಾಕಿ ಹಬ್ಬ ಶುರುವಾಗಿದ್ದು 1997ರಲ್ಲಿ, 2024ರಲ್ಲಿ 360 ಕುಟುಂಬಗಳ ತಂಡಗಳು ಆಡಿದವು. ಕೊಡಗಿನಲ್ಲಿ ಸ್ಟಿಕ್ ಅಂದರೆ ಹಾಕಿ ಸ್ಟಿಕ್ಕೇ. ಅಲ್ಲಿ ಕೋಚ್ ಮೊದಲು ಮೈದಾನ ಸುತ್ತಿಸುತ್ತಾನೆ, ಕಾಲಿನ ಕೆಲಸ ಮಾಡಿಸುತ್ತಾನೆ, ಯಾರೂ ನಗೋದಿಲ್ಲ. ಹಾಕಿಗೆ ಒಪ್ಪಿದ ಮಾತನ್ನು ನಮ್ಮದೇ ಬೆತ್ತಕ್ಕೆ ಯಾಕೆ ಒಪ್ಪಬಾರದು?

ನಾನು ಈಗ ಮಾಡುತ್ತಿರುವುದು ತೀರ ಸಣ್ಣ ಕೆಲಸ. ಸಿಕ್ಕ ಪರೆಯ ಕಳಿಯ ವಿಡಿಯೋಗಳನ್ನು ನಿಧಾನಕ್ಕೆ ಓಡಿಸಿ, ಏಟು ಬರುವ ಕ್ಷಣದಲ್ಲಿ ಯಾವ ಕಾಲು ಎಲ್ಲಿತ್ತು, ಎಲ್ಲಿಗೆ ಹೋಯಿತು ಅಂತ ಚೌಕುಳಿ ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದೇನೆ. ಚೆನ್ನಾಗಿ ಆಡುವವರಲ್ಲಿ ಮೂರು ಹೆಜ್ಜೆ ಮತ್ತೆ ಮತ್ತೆ ಬರುತ್ತವೆ. ಮುಂಗಾಲನ್ನು ಹಿಂಗಾಲಿನ ಪಕ್ಕಕ್ಕೆ ಎಳೆದುಕೊಳ್ಳುವುದು ಒಂದು. ಮುಂಗಾಲನ್ನು ಮಡಚಿ ಏಟಿನ ಮೇಲಿಂದ ದಾಟಿಸಿ ಅಲ್ಲೇ ಇಡುವುದು ಇನ್ನೊಂದು. ಹಿಂಗಾಲು ಅರ್ಧ ಸುತ್ತು ತಿರುಗಿ ಗುರಾಣಿಯ ಮರೆಗೆ ಬರುವುದು ಮೂರನೆಯದು. ಅವಕ್ಕೆ ನಾನು ಸದ್ಯಕ್ಕೆ ಅ, ಆ, ಇ ಅಂತ ಬರೆದುಕೊಂಡಿದ್ದೇನೆ. ಅದು ಹೆಸರಲ್ಲ, ಜಗಲಿಯಲ್ಲಿ ನಿಂತು ಕೂಗಿ ಹೇಳೋದಕ್ಕೆ ಆಗೋದಿಲ್ಲ. ಕೊಡವ ತಕ್ಕ್ ಮನೆಮಾತಾಗಿರುವವರು, ಮನೆಯಲ್ಲಿ ಈ ಆಟ ಆಡಿದ ಹಿರಿಯರು ಇರುವವರು, ದಯವಿಟ್ಟು ಒಂದು ಸಲ ಕೇಳಿ ನೋಡಿ, ಕಾಲು ಎಳೆದುಕೊಳ್ಳುವ ಆ ಮೊದಲ ಹೆಜ್ಜೆಗೆ ಅವರ ಬಾಯಲ್ಲಿ ಏನಾದರೂ ಮಾತು ಇತ್ತಾ ಅಂತ.