ಬೈಕಿಗೆ ಮೆಕ್ಯಾನಿಕ್ಕು, ಹಿಂದೆ ಕೂತವಳಿಗೆ ಯಾರು?

ಮುಂಗಾರು ಹತ್ತಿರವಾದಂತೆ ದಾವಣಗೆರೆಯ ಗ್ಯಾರೇಜು, ಚಹಾದಂಗಡಿಗಳಲ್ಲಿ ಒಂದು ಮಾತು ಕಿವಿಗೆ ಬೀಳುತ್ತದೆ: "ಈ ಸಲ ಲಡಾಖ್ ಮಾಡೇ ಬಿಡಾಣ." ಮೊದಲೆಲ್ಲ ಇದು ಮದುವೆಯಾಗದ ಹುಡುಗರ ಚಟ. ಈಗ ಗಂಡ ಹೆಂಡಿರೂ ಹೊರಡುತ್ತಿದ್ದಾರೆ. ಗಂಡನ ಕೈಯಲ್ಲಿ ಹ್ಯಾಂಡಲ್, ಹೆಂಡತಿಗೆ ಹಿಂದಿನ ಸೀಟು. ಮುಂದೆ ದಾರಿ ತೋರಿಸುವ ಗೈಡು. ಕೊನೆಗೆ ಟೈರು, ಪೆಟ್ರೋಲು, ಮೆಕ್ಯಾನಿಕ್ಕನ್ನು ತುಂಬಿಕೊಂಡ ವ್ಯಾನು. ದುಡ್ಡು ಕಟ್ಟಿದರೆ ಮುಗಿಯಿತು, ಉಳಿದದ್ದೆಲ್ಲ ಟೂರಿನವರ ತಲೆನೋವು.

ತಲೆನೋವು ಎಂದಿರಾ? ವಿಷಯ ಇರುವುದೇ ಅಲ್ಲಿ.

ಮನಾಲಿಯಿಂದ ಲೇಹ್‌ಗೆ ಸುಮಾರು 430 ಕಿ.ಮೀ. ದಾರಿ. 2020ರ ಅಕ್ಟೋಬರ್‌ನಲ್ಲಿ 9 ಕಿ.ಮೀ. ಉದ್ದದ ಅಟಲ್ ಸುರಂಗ ತೆರೆದ ಮೇಲೆ ರೋಹ್ತಾಂಗ್ ಘಾಟಿ ಹತ್ತುವ ಕಷ್ಟ ತಪ್ಪಿತು. ಆದರೆ ದಾರಿ ಹತ್ತಿರವಾದಷ್ಟೂ ಅವಸರ ಹೆಚ್ಚಾಯಿತು. ಸುರಂಗ ಉಳಿಸಿಕೊಟ್ಟ ಸಮಯವನ್ನು ವಿಶ್ರಾಂತಿಗೆ ಕೊಡುವವರು ಎಷ್ಟು ಜನ?

ಲೆಕ್ಕ ನೋಡಿ. ನಮ್ಮ ರಾಜ್ಯದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, 6,300 ಅಡಿ ಚಿಲ್ಲರೆ. ಮನಾಲಿ 6,700 ಅಡಿ. ಲೇಹ್ ಪಟ್ಟಣವೇ 11,500 ಅಡಿ. ದಾರಿ ಮಧ್ಯೆ ಡೇರೆ ಹಾಕಿ ಮಲಗಿಸುವ ಸರ್ಚು ಎಂಬ ಬಯಲು 14,000 ಅಡಿ. ಮುಂದಿನ ತಂಗ್ಲಾಂಗ್ ಲಾ 17,480 ಅಡಿ. 18,000 ಅಡಿಯಲ್ಲಿ ಗಾಳಿಯ ಒತ್ತಡ ಸಮುದ್ರ ದಂಡೆಯಲ್ಲಿರುವುದರ ಅರ್ಧ. ಅಂದರೆ ಒಂದು ಉಸಿರಿಗೆ ಅರ್ಧ ಉಸಿರು.

ಎತ್ತರಕ್ಕೆ ಹೋಗಿ ಫೋಟೋ ತೆಗೆಸಿಕೊಂಡು ಕಾಲು ಗಂಟೆಯಲ್ಲಿ ಇಳಿದು ಬಂದರೆ ಸಾಮಾನ್ಯವಾಗಿ ದೇಹ ತಡೆದುಕೊಳ್ಳುತ್ತದೆ. ಹೊಡೆತ ಬೀಳುವುದು ಹೆಚ್ಚಾಗಿ ಅಲ್ಲೇ ಮಲಗಿದಾಗ. ಹತ್ತು ಸಾವಿರ ಅಡಿ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 1,600 ಅಡಿಗಿಂತ ಹೆಚ್ಚು ಏರಿಸಬಾರದು, ಮೂರು ನಾಲ್ಕು ದಿನಕ್ಕೊಮ್ಮೆ ಏರದೆ ಸುಮ್ಮನಿರಬೇಕು ಎನ್ನುತ್ತದೆ ವೈದ್ಯಶಾಸ್ತ್ರ. ಟೂರಿನ ಪಟ್ಟಿಯಲ್ಲಿ ಏನಿದೆ? ಮೊದಲ ರಾತ್ರಿ ಜಿಸ್ಪಾ, 10,500 ಅಡಿ. ಎರಡನೇ ರಾತ್ರಿ ಸರ್ಚು. ಒಂದೇ ದಿನಕ್ಕೆ 3,500 ಅಡಿ! ಇನ್ನೂ ಅವಸರದವರು ಮನಾಲಿಯಿಂದ ನೇರ ಸರ್ಚುವಿಗೇ ಓಡಿಸುತ್ತಾರೆ.

ಸರ್ಚುವಿನಲ್ಲಿ ಇನ್ನೊಂದು ಸಂಕಟವಿದೆ. ಈ ಕಾಯಿಲೆಗೆ ಖಾತ್ರಿ ಮದ್ದು ಕೆಳಗಿಳಿಯುವುದು. ಆದರೆ ಅಲ್ಲಿಂದ ಇಳಿಯಬೇಕಾದರೆ ಮೊದಲು ಹತ್ತಬೇಕು! ವಾಪಸು ಬಂದರೆ 16,000 ಅಡಿಯ ಬಾರಾಲಾಚಾ ಲಾ. ಮುಂದೆ ಹೋದರೆ 21 ತಿರುವುಗಳ ಗಾಟಾ ಲೂಪ್ಸ್, ಆಮೇಲೆ ಒಂದರ ಹಿಂದೊಂದು ಘಾಟಿ. ಬೋನಿನೊಳಗೆ ಹೋಗಿ ಮಲಗಿದ ಹಾಗೆ.

ಈಗ ಹಿಂದಿನ ಸೀಟಿನವಳ ವಿಷಯಕ್ಕೆ ಬನ್ನಿ. ಯಾವುದೋ ಒಂದು ಜೋಡಿ ಎಂದಿಟ್ಟುಕೊಳ್ಳಿ. ಸರ್ಚುವಿನ ಡೇರೆಯಲ್ಲಿ ರಾತ್ರಿ ಆಕೆಗೆ ತಲೆ ಸಿಡಿತ, ಊಟ ಸೇರುವುದಿಲ್ಲ, ವಾಂತಿ. "ಏನ್ರೀ, ಯಾಕೋ ಆಗ್ತಾ ಇಲ್ಲ" ಅಂದರೆ, "ಒಂದು ರಾತ್ರಿ ಅಡ್ಜಸ್ಟ್ ಮಾಡ್ಕೊ, ನಾಳೆ ಲೇಹ್ ಮುಟ್ತೀವಿ" ಎಂಬ ಉತ್ತರ. ಕಟ್ಟಿದ ದುಡ್ಡು, ಜೊತೆಗೆ ಬಂದ ಹತ್ತು ಜನ, ಗಂಡನ ಎಷ್ಟೋ ವರ್ಷದ ಆಸೆ, ಎಲ್ಲ ನೆನೆದು ಆಕೆ ಬಾಯಿ ಮುಚ್ಚಿಕೊಳ್ಳುತ್ತಾಳೆ. ಅದೇ ಸಂಜೆ ಬುಲೆಟ್ಟು ಕೆಮ್ಮಿದ್ದರೆ? ಮೆಕ್ಯಾನಿಕ್ಕು ಸ್ಪ್ಯಾನರ್ ಹಿಡಿದು ಓಡಿ ಬರುತ್ತಿದ್ದ. ತಮಾಷೆ ಎಂದರೆ ಇಬ್ಬರನ್ನೂ ಕಾಡುವುದು ಅದೇ ತೆಳು ಗಾಳಿ. ಎಂಜಿನ್ನಿಗೂ ಉಸಿರು ಸಾಲದು, ಹೆಂಡತಿಗೂ ಸಾಲದು.

ಗಂಡನೇನೂ ಕಮ್ಮಿಯಲ್ಲ. ತನಗೆ ತಲೆ ತಿರುಗಿದರೂ ಮರ್ಯಾದೆಗೆ ಅಂಜಿ ಹೇಳುವುದಿಲ್ಲ. ಆದರೆ ಗಾಟಾ ಲೂಪ್ಸ್ ತಿರುವಿನಲ್ಲಿ ಅವನ ಕೈ ತಪ್ಪಿದರೆ ಹೋಗುವುದು ಎರಡು ಜೀವ. ಜಿಮ್ಮಿಗೆ ಹೋಗುತ್ತೇನೆ, ನನಗೇನು ಎಂದರೆ ನಡೆಯದು. ಎತ್ತರಕ್ಕೆ ಪೈಲ್ವಾನ, ಬಡಕಲು ಎಂಬ ಭೇದವಿಲ್ಲ. ದೇಶ ಕಾಯುವ ಸೈನಿಕನನ್ನೇ ನೋಡಿ. 9,000ದಿಂದ 12,000 ಅಡಿಯ ಮಟ್ಟದಲ್ಲಿ ಅವನಿಗೆ ಆರು ದಿನ, ಅಲ್ಲಿಂದ 15,000ದವರೆಗೆ ನಾಲ್ಕು ದಿನ, ಅದಕ್ಕೂ ಮೇಲೆ ಮತ್ತೆ ನಾಲ್ಕು ದಿನ ಒಗ್ಗಿಸಿಯೇ ಸೇನೆ ಕೆಲಸಕ್ಕೆ ಹಚ್ಚುತ್ತದೆ. ಆಫೀಸಿಗೆ ವಾರ ರಜೆ ಹಾಕಿ ಹೋದವರಿಗೆ ಎರಡೇ ರಾತ್ರಿ!

ಲೇಹ್‌ನಲ್ಲಿ ಒಂದು ದಿನ ವಿಶ್ರಾಂತಿ ಎಂದು ಪಟ್ಟಿಯಲ್ಲಿ ಬರೆದಿರುತ್ತದಂತೆ. ಆ ದಿನವೇ ಮನಾಲಿಯ ಬಾಡಿಗೆ ಬೈಕನ್ನು ಬಿಟ್ಟು ಲೇಹ್‌ನ ಬೈಕು ಹುಡುಕಬೇಕು. ಹೊರಗಿನ ಬಾಡಿಗೆ ಬೈಕುಗಳು ನುಬ್ರಾ, ಪ್ಯಾಂಗಾಂಗ್ ಕಡೆ ತಿರುಗಲು ಅಲ್ಲಿನವರು ಬಿಡುವುದಿಲ್ಲ. ವರ್ಷದಲ್ಲಿ ನಾಲ್ಕೈದು ತಿಂಗಳ ದುಡಿಮೆಯವರು, ಅವರದ್ದೂ ತಪ್ಪಲ್ಲ. ಆದರೆ ಹೀಗೆ ಓಡಾಡಿ ಕಳೆದ ದಿನಕ್ಕೆ ವಿಶ್ರಾಂತಿ ಎಂದು ಹೆಸರಿಡುವುದು ಯಾವ ನ್ಯಾಯ?

ಹೊರಡುವ ಮುಂಚೆ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಳ್ಳುವುದು ಈ ವ್ಯಾಪಾರದ ವಾಡಿಕೆ. ಏನಾದರೂ ಆದರೆ ನಾವು ಹೊಣೆಯಲ್ಲ ಎಂಬುದೇ ಅದರ ಸಾರ. ಸರಿ ಸ್ವಾಮಿ, ಹೊಣೆ ನಿಮ್ಮದಲ್ಲ ಎಂದಾದರೆ ಮುಂದೆ ಗೈಡು ಯಾಕೆ? ದಾರಿ ತೋರಿಸಲು ಮೊಬೈಲು ಸಾಕಲ್ಲ. ಗೈಡಿನ ಅಸಲು ಕೆಲಸ ‘ಇವತ್ತು ಮುಂದೆ ಬೇಡ’ ಎಂದು ಹೇಳುವುದು. ಆ ಮಾತು ಆಡುವ ಅಧಿಕಾರ ಅವನಿಗಿದೆಯೋ ಇಲ್ಲವೋ, ಅಡ್ವಾನ್ಸ್ ಕೊಡುವವರು ಕೇಳಬೇಕಾದದ್ದು ಅದನ್ನು. ಆಕ್ಸಿಜನ್ ಸಿಲಿಂಡರ್ ಇದೆಯೇ? ಅದನ್ನು ಬಳಸಲು ಬರುವವರು ಇದ್ದಾರೆಯೇ? ಶ್ರೀನಗರದ ಕಡೆಯಿಂದ ಹೋದರೆ ಮಲಗುವ ಜಾಗಗಳು 5,200, 8,800, 11,500 ಹೀಗೆ ಮೆಟ್ಟಿಲಿನಂತಿವೆ. ಆ ದಾರಿ ಯಾಕಿಲ್ಲ?

ಜೋಡಿಗಳೂ ಊರಲ್ಲೇ ಒಂದು ಕರಾರು ಮಾಡಿಕೊಳ್ಳಲಿ. ತಲೆನೋವು, ವಾಕರಿಕೆ ಇದ್ದರೆ ಮೇಲೆ ಏರುವುದಿಲ್ಲ. ನಡಿಗೆ ತೂರಾಡಿದರೆ, ಮಾತು ತಪ್ಪಿದರೆ, ಕೂತಲ್ಲೇ ಏದುಸಿರು ಬಂದರೆ ಆ ಕ್ಷಣವೇ ಕೆಳಕ್ಕೆ. ಮಿದುಳಿಗೋ ಶ್ವಾಸಕೋಶಕ್ಕೋ ನೀರು ತುಂಬುತ್ತಿದೆ ಎಂಬುದರ ಗುರುತು ಅದು. ಗುಳಿಗೆಯ ವಿಚಾರ ಡಾಕ್ಟರನ್ನು ಕೇಳಿಯೇ.

ಖರ್ದುಂಗ್ ಲಾದ ಬೋರ್ಡು ಎಷ್ಟೋ ವರ್ಷ 18,380 ಅಡಿ ಎಂದು ಸಾರಿತು. ಅಳೆದು ನೋಡಿದರೆ ಸುಮಾರು 17,580. ಬೋರ್ಡು ಎಂಟುನೂರು ಅಡಿ ಸುಳ್ಳು ಹೇಳಿದರೂ ಫೋಟೋ ಚೆನ್ನಾಗಿಯೇ ಬರುತ್ತದೆ. ಶ್ವಾಸಕೋಶದ ಹತ್ತಿರ ಆ ಆಟ ನಡೆಯುವುದಿಲ್ಲ. ಟೂರಿನವರು ವ್ಯಾನಿನಲ್ಲಿ ಎರಡು ಟೈರು ಕಮ್ಮಿ ಹೇರಲಿ, ಒಂದು ಸೀಟು ಖಾಲಿ ಇಡಲಿ. ಹಿಂದೆ ಕೂತವಳು "ಆಗ್ತಾ ಇಲ್ಲ" ಅಂದ ದಿನ ಬೇಕಾಗುವುದು ಅದೇ.