ಈ ಸಲ ಮೊಕ್ಕಾಂ ಎಲ್ಲಿ?

ಕಳೆದ ಸಂಚಿಕೆಯಲ್ಲಿ ಕೋಲ್ಡ್‌ಪ್ಲೇ ಅಭಿಮಾನಿಗಳ ಬಗ್ಗೆ ನಾವು ನಾಲ್ಕು ಪುಟದ ಲೇಖನ ಹಾಕಿದ್ದು ಕೆಲವರ ಗಂಟಲಲ್ಲಿ ಇನ್ನೂ ಇಳಿದಿಲ್ಲ. ನಮ್ಮ ಜೊತೆಯ ಪತ್ರಿಕೆಯೊಂದರ ಸಂಪಾದಕರು ಎರಡು ಕಾಲಂ ತುಂಬ ನಮಗೆ ಬುದ್ಧಿ ಹೇಳಿದ್ದಾರೆ. ಇಂಗ್ಲೆಂಡಿನ ಬ್ಯಾಂಡೊಂದು ಯಾವ ಊರಿಗೆ ಬಂದೀತು, ಯಾವ ಊರನ್ನು ಬಿಟ್ಟೀತು ಎಂದು ಹುಡುಗರು ರಾತ್ರಿಯಿಡೀ ತರ್ಕ ಮಾಡುವುದು ಕನ್ನಡ ಪತ್ರಿಕೆಗೆ ವಿಷಯವಾಗುತ್ತದೆಯೇ ಎಂಬುದು ಅವರ ಪ್ರಶ್ನೆ. ಆಗುತ್ತದೆ ಸ್ವಾಮಿ, ಖಂಡಿತ ಆಗುತ್ತದೆ. ಕಳೆದ ಸಲ ಮೆತ್ತಗೆ ಹೇಳಿದ್ದೆವು, ಈ ಸಲ ಗಟ್ಟಿಯಾಗಿ ಹೇಳುತ್ತೇವೆ.

2024ರ ಅಕ್ಟೋಬರಿನ ಒಂದು ರಾತ್ರಿ. ನನ್ನ ಅಕ್ಕನ ಮಗ ಮತ್ತು ಅವನ ಮೂವರು ಗೆಳೆಯರು ನಮ್ಮ ನಡುಮನೆಯಲ್ಲಿ ಹಳೇ ಕ್ಯಾಲೆಂಡರಿನ ಹಾಳೆಯನ್ನು ಮಗುಚಿ ಹಾಕಿಕೊಂಡು ಕೂತಿದ್ದರು. ಹಾಳೆಯ ಬೆನ್ನಿಗೆ ಪೆನ್ಸಿಲಿನಲ್ಲಿ ದಿನಾಂಕಗಳು. ಜನವರಿ 9, 11, 12, 14 ಅಬುಧಾಬಿ. 18, 19, 21 ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣ. ಅಲ್ಲಿಂದ ಮುಂದೆ ಹಾಳೆ ಖಾಲಿ. ಅಬುಧಾಬಿಯ ಕೊನೆಯ ಕಾರ್ಯಕ್ರಮದಿಂದ ಮುಂಬೈಯ ಮೊದಲ ಕಾರ್ಯಕ್ರಮಕ್ಕೆ ನಾಲ್ಕು ದಿನ. ಅಂದರೆ ವೇದಿಕೆ ಬಿಚ್ಚಿ, ಸಾಮಾನು ಸಾಗಿಸಿ, ಇನ್ನೊಂದು ಊರಿನಲ್ಲಿ ಮತ್ತೆ ಕಟ್ಟಿ ನಿಲ್ಲಿಸಲು ಇವರಿಗೆ ನಾಲ್ಕು ದಿನ ಸಾಕು. ಹಾಗಾದರೆ 21ಕ್ಕೆ ನಾಲ್ಕು ಸೇರಿಸಿ. 25, ಶನಿವಾರ. ಮರುದಿನ ಭಾನುವಾರ, ಗಣರಾಜ್ಯೋತ್ಸವ. ಇದಕ್ಕಿಂತ ಒಳ್ಳೆಯ ದಿನ ಯಾವುದಿದೆ? ಅಕ್ಕನ ಮಗ 25ರ ಮುಂದೆ ‘ಬೆಂಗಳೂರು’ ಎಂದು ಬರೆದು ಪ್ರಶ್ನಾರ್ಥಕ ಚಿಹ್ನೆ ಹಾಕಿದ. ಪಕ್ಕದಲ್ಲಿದ್ದವನು ರಬ್ಬರು ತೆಗೆದುಕೊಂಡು ಆ ಚಿಹ್ನೆಯನ್ನು ಉಜ್ಜಿ ಅಳಿಸಿಬಿಟ್ಟ.

ನವೆಂಬರ್ 13ಕ್ಕೆ ಪ್ರಕಟಣೆ ಬಂತು. ಜನವರಿ 25, ಅಹಮದಾಬಾದ್. ಆಮೇಲೆ 26 ಕೂಡ ಸೇರಿಕೊಂಡಿತು. “ಮಾವ, ದಿನ ಸರಿಯಾಗೇ ಹೇಳಿದ್ವಲ್ಲ?” ಅಂದ ಅಕ್ಕನ ಮಗ. ದಿನ ಸರಿಯಾಗಿತ್ತು. ತಪ್ಪಿದ್ದು ಊರು. ಅದು ತಪ್ಪಿದ್ದು ಹುಡುಗರ ಲೆಕ್ಕದಿಂದಲ್ಲ, ನಮ್ಮ ಊರಿನ ಸ್ಥಿತಿಯಿಂದ. ಅಹಮದಾಬಾದಿನ ಮೊಟೆರಾದಲ್ಲಿ 1,32,000 ಜನ ಕೂರುವ ಕ್ರೀಡಾಂಗಣವಿದೆ. ನಮ್ಮ ಚಿನ್ನಸ್ವಾಮಿಯಲ್ಲಿ ಅದರ ಮೂರನೇ ಒಂದು ಪಾಲೂ ಹಿಡಿಯುವುದಿಲ್ಲ, ಕಂಠೀರವ ಅದಕ್ಕಿಂತಲೂ ಚಿಕ್ಕದು. ಹುಡುಗರು ರೈಲು ಹತ್ತಿ ಅಹಮದಾಬಾದಿಗೆ ಹೋದರು, ನಿಂತು ಕೇಳಿದರು, ಮಣಿಕಟ್ಟಿಗೆ ಕಟ್ಟಿದ್ದ ದೀಪದ ಪಟ್ಟಿಯನ್ನು ಹೊರಬರುವಾಗ ನಿಯಮದಂತೆ ಹಿಂದಿರುಗಿಸಿ ಬಂದರು. ಪ್ರಯಾಣದ ಖರ್ಚು ಟಿಕೆಟ್ಟಿನ ಖರ್ಚನ್ನು ಮೀರಿಸಿತು.

ಇದನ್ನು ಕಾಲಹರಣ ಎನ್ನುವವರ ಜೊತೆ ನನ್ನ ಜಗಳವಿದೆ. ತಿಪಟೂರಿನ ನಮ್ಮಜ್ಜ ಗುಬ್ಬಿ ಕಂಪನಿಯ ನಾಟಕ ಎಂದರೆ ಊಟ ಬಿಡುತ್ತಿದ್ದವರು. ಕಂಪನಿಯ ಮುಂದಿನ ಮೊಕ್ಕಾಂ ಎಲ್ಲಿ ಎಂಬುದನ್ನು ಅವರು ಕರಪತ್ರ ನೋಡಿ ತಿಳಿದುಕೊಳ್ಳುತ್ತಿರಲಿಲ್ಲ. ಕರಪತ್ರ ಬರುವ ಹೊತ್ತಿಗೆ ಮುಂದಿನ ಸಾಲಿನ ಜಾಗ ಮುಗಿದಿರುತ್ತಿತ್ತು. ರೈಲ್ವೆ ಸ್ಟೇಷನ್ನಿನ ಹಮಾಲಿಗಳನ್ನು ಮಾತಾಡಿಸುತ್ತಿದ್ದರು. ಗೂಡ್ಸ್ ಶೆಡ್ಡಿನಲ್ಲಿ ಪರದೆಯ ಸುರುಳಿ ಇಳಿಯಿತೇ, ಪೆಟ್ಟಿಗೆಗಳು ಅರಸೀಕೆರೆಗೆ ಹೋದವೇ, ತುಮಕೂರಿಗೋ? ಅದರ ಮೇಲೆ ಅವರ ಲೆಕ್ಕ. ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದೀಪಾವಳಿ ಕಳೆದು ಗೆಜ್ಜೆ ಕಟ್ಟಿದ ಯಕ್ಷಗಾನ ಮೇಳಗಳು ಪತ್ತನಾಜೆಗೆ ಗೆಜ್ಜೆ ಬಿಚ್ಚುವವರೆಗೆ ಯಾವ ದಿನ ಯಾವ ಗದ್ದೆಯಲ್ಲಿ ಆಟ, ಈ ವರ್ಷ ಯಾವ ಭಾಗವತರು ಯಾವ ಮೇಳಕ್ಕೆ, ಯಾರ ವೇಷ ಬಿಟ್ಟುಹೋಯಿತು ಎಂಬ ಚರ್ಚೆ ಅಲ್ಲಿನ ಹೋಟೆಲು, ಸೆಲೂನು, ಬಸ್‌ಸ್ಟ್ಯಾಂಡುಗಳಲ್ಲಿ ನಿಲ್ಲುವುದೇ ಇಲ್ಲ. ಕಟೀಲು ಮೇಳದ ಹರಕೆಯಾಟಕ್ಕೆ ವರ್ಷಗಟ್ಟಲೆ ಸರದಿ ಕಾಯುವ ಮನೆಗಳಿವೆ. ಊರೂರು ಸುತ್ತುವ ಈ ವ್ಯವಹಾರಕ್ಕೆ ಕನ್ನಡದಲ್ಲಿ ತಿರುಗಾಟ ಎಂಬ ಪದವೇ ಇದೆ. ಟೂರ್ ಎಂದು ಹುಡುಗರು ಹೇಳುವುದೂ ಇದನ್ನೇ. ಮೇಳದ ತಿರುಗಾಟದ ಚರ್ಚೆ ಸಂಸ್ಕೃತಿ, ಬ್ಯಾಂಡಿನ ತಿರುಗಾಟದ ಚರ್ಚೆ ಹುಚ್ಚು ಎಂದು ಗೆರೆ ಎಳೆದವರು ಯಾರು? ನಮ್ಮ ಎದುರಾಳಿ ಸಂಪಾದಕರು ಯಕ್ಷಗಾನದ ಮೇಲೆ ಎರಡು ವಿಶೇಷಾಂಕ ತಂದವರು. ಈ ಪ್ರಶ್ನೆಗೆ ಅವರಿಂದ ಉತ್ತರ ಬರಬೇಕು.

ನನ್ನ ಹಳೆಯ ದೂರು ಇರುವುದು ಇಲ್ಲಿಯೇ. ಬೆಂಗಳೂರಿನ ಅರಮನೆ ಮೈದಾನದಲ್ಲಿ ಸುಮಾರು ಹತ್ತು ವರ್ಷ ಏನು ನಡೆಯಿತು ಎಂಬುದನ್ನು ಕನ್ನಡದ ಸಾಂಸ್ಕೃತಿಕ ಚರಿತ್ರೆ ಬರೆಯುವವರು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. 2002ರಲ್ಲಿ ಪಿಂಕ್ ಫ್ಲಾಯ್ಡಿನ ರಾಜರ್ ವಾಟರ್ಸ್ ಅಲ್ಲಿ ಹಾಡಿದರು. 2003ರ ಏಪ್ರಿಲಿನಲ್ಲಿ ರೋಲಿಂಗ್ ಸ್ಟೋನ್ಸ್ ಬಂದರು. ಸಾರ್ಸ್ ಕಾಯಿಲೆಯ ಭಯದಿಂದ ಅವರ ಚೀನಾದ ಕಾರ್ಯಕ್ರಮಗಳು ಬಿದ್ದುಹೋಗಿದ್ದ ಆ ವಸಂತದಲ್ಲಿ ಬೆಂಗಳೂರಿನದು ನಡೆಯಿತು. 2007ರ ಮಾರ್ಚಿನಲ್ಲಿ ಐರನ್ ಮೇಡನ್, ಜೂನಿನಲ್ಲಿ ಏರೋಸ್ಮಿತ್. ಐರನ್ ಮೇಡನ್ 2009ರಲ್ಲಿ ಮತ್ತೆ ಬಂತು, ಆ ತಿರುಗಾಟಕ್ಕೆ ಅವರಿಗೆಂದೇ ಮೀಸಲಾದ ವಿಮಾನ, ಅದರ ಪೈಲಟ್ ಅವರದೇ ಹಾಡುಗಾರ ಬ್ರೂಸ್ ಡಿಕಿನ್ಸನ್. ಇವರ ನಡುವೆ, 2005ರಲ್ಲಿ, ಅದೇ ಮೈದಾನದಲ್ಲಿ ಸಿ. ಅಶ್ವತ್ಥ್ ‘ಕನ್ನಡವೇ ಸತ್ಯ’ ಕಾರ್ಯಕ್ರಮ ಮಾಡಿ ಜನಸಾಗರ ಸೇರಿಸಿದರು. ನಮ್ಮ ಭಾವಗೀತೆಯೂ ಅವರ ರಾಕ್ ಸಂಗೀತವೂ ಒಂದೇ ಮಣ್ಣಿನ ಮೇಲೆ ನಿಂತು ಹಾಡಿದ ಊರು ಇದು. ಅಶ್ವತ್ಥರ ಆ ರಾತ್ರಿಯ ಬಗ್ಗೆ ನಮ್ಮಲ್ಲಿ ಎಷ್ಟೋ ಲೇಖನ ಬಂದಿವೆ. ಉಳಿದ ರಾತ್ರಿಗಳ ಬಗ್ಗೆ ಎಷ್ಟು ಬಂದಿವೆ, ಹುಡುಕಿ ನೋಡಿ.

2011ರ ಅಕ್ಟೋಬರ್ 30, ಮೆಟಾಲಿಕಾ. ಅದಕ್ಕೆ ಎರಡು ದಿನ ಮೊದಲು ಗುರ್‌ಗಾಂವ್‌ನಲ್ಲಿ ಆಗಬೇಕಿದ್ದ ಕಾರ್ಯಕ್ರಮ, ಜನ ಬ್ಯಾರಿಕೇಡ್ ಮುರಿದು ಗಲಾಟೆಯಾಗಿ, ರದ್ದಾಗಿತ್ತು. ಹಾಗಾಗಿ ಅರಮನೆ ಮೈದಾನದ ಗೇಟಿನ ಹತ್ತಿರ ಎಲ್ಲರ ಬಾಯಲ್ಲೂ ಒಂದೇ ಪ್ರಶ್ನೆ, ಇಲ್ಲಾದರೂ ಆಗುತ್ತದೋ ಇಲ್ಲವೋ. ನನ್ನ ಮುಂದೆ ನಿಂತಿದ್ದ ಹುಡುಗ ದಾವಣಗೆರೆಯವನು. ಟಿಕೆಟ್ಟನ್ನು ಮಡಿಸದೆ, ಪ್ಲಾಸ್ಟಿಕ್ ಕವರಿನಲ್ಲಿಟ್ಟು, ಅಂಗಿಯ ಒಳಗೆ ಹೊಟ್ಟೆಗೆ ಒತ್ತಿಕೊಂಡಿದ್ದ. ರಾತ್ರಿ ಬಸ್ಸಿನಲ್ಲಿ ಬಂದು, ಮೆಜೆಸ್ಟಿಕ್ಕಿನಲ್ಲೇ ಮುಖ ತೊಳೆದು, ಬೆಳಗ್ಗೆಯಿಂದ ಸಾಲಿನಲ್ಲಿದ್ದನಂತೆ. “ಗುರ್‌ಗಾಂವ್‌ನಾಗ ಆಗ್ಲಿಲ್ಲ ಅಂದ್ರ ಇಲ್ಲಿ ಆಗೇ ಆಗತ್ತ ಸಾರ್, ಅಷ್ಟು ದೂರದಿಂದ ಬಂದು ಒಂದಾದ್ರೂ ಹೊಡೀದ ಹೋಗ್ತಾರೇನು?” ಅಂದ. ಅವನ ಇಂಗ್ಲಿಷು ನನ್ನದಕ್ಕಿಂತ ಕಡಿಮೆಯಿತ್ತು. ಹಾಡುಗಳೆಲ್ಲ ಬಾಯಿಪಾಠ. ರಾಕ್ ಕೇಳುವವರು ಕಾನ್ವೆಂಟಿನ ಮಕ್ಕಳು, ಕನ್ನಡದ ಹಂಗಿಲ್ಲದವರು ಎಂದು ವೇದಿಕೆಯ ಮೇಲೆ ಹೇಳುವವರನ್ನು ಕಂಡಾಗಲೆಲ್ಲ ನನಗೆ ಅವನ ನೆನಪಾಗುತ್ತದೆ. ಅಂದು ಕಾರ್ಯಕ್ರಮ ನಡೆಯಿತು. ಒಳಗೆ ಹೋದ ಮೇಲೆ ಅವನು ನನಗೆ ಮತ್ತೆ ಸಿಗಲಿಲ್ಲ.

ಆ ಮೈದಾನ ಈಗಲೂ ಅಲ್ಲೇ ಇದೆ. 472 ಎಕರೆಗೂ ಹೆಚ್ಚಿನ ಆ ಜಾಗವನ್ನು ಸ್ವಾಧೀನಕ್ಕೆ ತೆಗೆದುಕೊಳ್ಳಲು ಸರ್ಕಾರ 1996ರಲ್ಲಿ ಕಾಯ್ದೆ ಮಾಡಿತು. ಅಂದಿನಿಂದ ಕೋರ್ಟು, ಮೇಲ್ಮನವಿ, ಸುಗ್ರೀವಾಜ್ಞೆ. ಜಾಗ ಯಾರದೆಂಬುದು ಇತ್ಯರ್ಥವಾಗದ ಕಡೆ ಶಾಶ್ವತವಾದ ವೇದಿಕೆಯನ್ನಾಗಲಿ, ನೀರು, ಶೌಚಾಲಯ, ಹೊರಹೋಗುವ ದಾರಿಯನ್ನಾಗಲಿ ಯಾರು ಕಟ್ಟಿಸುತ್ತಾರೆ? 2008ರಲ್ಲಿ ವಿಮಾನ ನಿಲ್ದಾಣ ದೇವನಹಳ್ಳಿಗೆ ಹೋದ ಮೇಲೆ ಬಳ್ಳಾರಿ ರಸ್ತೆಯಲ್ಲಿ ವಾಹನ ಹತ್ತು ನಿಮಿಷ ನಿಂತರೂ ಸುದ್ದಿ. ಅಲ್ಲಿಗೆ ದೊಡ್ಡ ಕಾರ್ಯಕ್ರಮ ಎಂದರೆ ಅಧಿಕಾರಿಗಳ ಹುಬ್ಬು ಮೇಲೇರತೊಡಗಿತು. ಈಗ ದೊಡ್ಡ ಕಾರ್ಯಕ್ರಮಗಳು ತುಮಕೂರು ರಸ್ತೆಯ ಮಾದಾವರಕ್ಕೆ ಹೋಗುತ್ತಿವೆ. 2025ರ ಫೆಬ್ರವರಿಯಲ್ಲಿ ಎಡ್ ಶೀರನ್ ಹಾಡಿದ್ದು ಅಲ್ಲಿಯೇ. ಕಾರ್ಯಕ್ರಮವಿದ್ದ ಭಾನುವಾರವೇ ಚರ್ಚ್ ಸ್ಟ್ರೀಟಿನ ಪಾದಚಾರಿ ದಾರಿಯಲ್ಲಿ ಗಿಟಾರು ಹಿಡಿದು ನಿಂತ ಆತನ ಮೈಕಿನ ವೈರನ್ನು ಪೊಲೀಸರೊಬ್ಬರು ಕಿತ್ತದ್ದನ್ನು ಲೋಕವೆಲ್ಲ ನೋಡಿತು. ಅನುಮತಿ ಇತ್ತೋ ಇಲ್ಲವೋ ಎಂಬ ವಾದ ನನಗೆ ಬೇಡ. ಹಾಡು ಕೇಳಿದೊಡನೆ ಈ ಊರಿನ ಆಡಳಿತದ ಕೈ ಮೊದಲು ಹೋಗುವುದು ಪ್ಲಗ್ಗಿನ ಕಡೆಗೆ. ಸಾರ್ವಜನಿಕ ಮನರಂಜನೆಯ ಸ್ಥಳಗಳ ಪರವಾನಗಿಗೆಂದು 2005ರಲ್ಲಿ ಹೊರಟ ಆದೇಶವನ್ನು 2018ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿದ ಮೇಲೆ ಇಂದಿರಾನಗರದ ಎಷ್ಟೋ ಸಣ್ಣ ವೇದಿಕೆಗಳು ಮೌನವಾದವು. ಡ್ಯಾನ್ಸ್ ಬಾರಿಗೂ ಗಿಟಾರ್ ನುಡಿಸುವ ಹುಡುಗನಿಗೂ ಒಂದೇ ನಿಯಮ.

ನಮ್ಮ ಬ್ಯಾಂಡುಗಳು ಹಸಿದಿರುವಾಗ ಹೊರಗಿನವರಿಗೆ ಏಕೆ ಈ ಪರಿಯ ಮರ್ಯಾದೆ ಎಂದು ಕೇಳುವವರು ಇದನ್ನು ಗಮನಿಸಬೇಕು. ಥರ್ಮಲ್ ಅಂಡ್ ಎ ಕ್ವಾರ್ಟರ್ ಈ ಊರಿನಲ್ಲಿ 1996ರಿಂದ ನುಡಿಸುತ್ತಿದೆ. ಶರೀಫರನ್ನು ಗಿಟಾರಿನ ಜೊತೆ ಹಾಡಿ ರಘು ದೀಕ್ಷಿತ್ ಹೊರದೇಶಗಳನ್ನು ಸುತ್ತಿಬಂದರು. ಸ್ವರಾತ್ಮ ಕನ್ನಡದಲ್ಲೂ ಹಾಡುತ್ತದೆ. ನಮ್ಮ ಕ್ರಿಪ್ಟೋಸ್ ಜರ್ಮನಿಯ ವಾಕನ್ ಉತ್ಸವದಲ್ಲಿ ನುಡಿಸಿ ಬಂದಿದೆ. ಇವರೆಲ್ಲ ಬೆಳೆದದ್ದು ಆ ಸಣ್ಣ ವೇದಿಕೆಗಳಲ್ಲಿ, ಕಾಲೇಜಿನ ಅಂಗಳಗಳಲ್ಲಿ, ದೊಡ್ಡ ಬ್ಯಾಂಡುಗಳ ಮುಂಚೆ ಸಿಗುವ ಅರ್ಧ ಗಂಟೆಯಲ್ಲಿ. ಹೊರಗಿನವರನ್ನು ತಡೆದರೆ ಇವರಿಗೆ ಜಾಗ ಸಿಗುತ್ತದೆ ಎಂಬುದು ಸುಳ್ಳು. ಮೈದಾನ ಮುಚ್ಚಿದರೆ ಇಬ್ಬರಿಗೂ ಮುಚ್ಚುತ್ತದೆ.

ಟಿಕೆಟ್ಟಿನ ಬೆಲೆಯ ವಿಷಯದಲ್ಲಿ ಮಾತ್ರ ನಮ್ಮ ಟೀಕಾಕಾರರ ಮಾತಿಗೆ ನನ್ನ ತಕರಾರಿಲ್ಲ. ಕೋಲ್ಡ್‌ಪ್ಲೇಯ ಮುಂಬೈ ಟಿಕೆಟ್ಟು 2,500ರಿಂದ 35,000 ರೂಪಾಯಿಯವರೆಗೆ ಇತ್ತು. ಕಾಳಸಂತೆಯಲ್ಲಿ ಲಕ್ಷಗಳಿಗೆ ಏರಿ, ವಿಷಯ ಪೊಲೀಸ್ ತನಿಖೆಗೂ ಹೋಯಿತು. ಇದು ಅನ್ಯಾಯ. ಆದರೆ ಮಾರಾಟ ತೆರೆದ ದಿನ ಒಂದು ಕೋಟಿ ಮೂವತ್ತು ಲಕ್ಷ ಜನ ಸಾಲಿಗೆ ಬಂದರು ಎಂದು ಮಾರಿದವರೇ ಹೇಳಿದ್ದಾರೆ. ಆ ಜನರಲ್ಲಿ ಎಷ್ಟು ಮಂದಿ ನಮ್ಮ ಜಿಲ್ಲೆಗಳಿಂದ ಬಂದವರು? ನಮ್ಮ ಯಾವ ಇಲಾಖೆಗೂ ಅದನ್ನು ಕೇಳಬೇಕೆಂದು ತೋಚಲಿಲ್ಲ. ಹುಡುಗರಿಗೆ ಗೊತ್ತಿತ್ತು. ಯಾವ ಊರಿನಿಂದ ಎಷ್ಟು ಮಂದಿ ಹೊರಡುತ್ತಾರೆ, ಯಾವ ರೈಲಿನಲ್ಲಿ, ರಾತ್ರಿ ಎಲ್ಲಿ ಮಲಗುತ್ತಾರೆ ಎಂಬುದೆಲ್ಲ ಆ ಕ್ಯಾಲೆಂಡರ್ ಹಾಳೆಯ ಕೆಳಗಿನ ಅಂಚಿನಲ್ಲಿ ಬರೆದಿತ್ತು.

2025ರ ಜೂನ್ 4ರ ನಂತರ ಈ ಮಾತು ಆಡಲು ನಾಲಿಗೆ ತಡವರಿಸುತ್ತದೆ. ಕ್ರಿಕೆಟ್ ವಿಜಯೋತ್ಸವಕ್ಕೆ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಸೇರಿದ ಜನರಲ್ಲಿ 11 ಮಂದಿ ಕಾಲ್ತುಳಿತಕ್ಕೆ ಸಿಕ್ಕಿ ಸತ್ತರು. ಹೆಚ್ಚಿನವರು ಎಳೆಯ ವಯಸ್ಸಿನವರು. ಅಂದಿನಿಂದ ಜನ ಸೇರುವುದೇ ಅಪರಾಧ, ದೊಡ್ಡ ಕಾರ್ಯಕ್ರಮಗಳೇ ಬೇಡ ಎಂಬ ರಾಗ ಎದ್ದಿದೆ. ನಮ್ಮ ಎದುರಾಳಿ ಪತ್ರಿಕೆಯೂ ಅದೇ ರಾಗ ಹಾಡಿದೆ. ನನ್ನ ಮಾತು ಅದಕ್ಕೆ ತದ್ವಿರುದ್ಧ. ಆ ಮಕ್ಕಳು ಹೋದದ್ದು, ಎಷ್ಟು ಜನ ಬರುತ್ತಾರೆ, ಯಾವ ಗೇಟಿಗೆ ಬರುತ್ತಾರೆ, ಒಳಗೆ ಎಷ್ಟು ಹಿಡಿಯುತ್ತದೆ ಎಂಬ ಲೆಕ್ಕ ಮೊದಲೇ ಮಾಡದ ಕಾರಣಕ್ಕೆ. ವಾರಗಟ್ಟಲೆ ಮುಂಚೆ ಊರು, ದಿನ, ದಾರಿ, ಜನ ಎಂದು ಲೆಕ್ಕ ಹಾಕುತ್ತ ಕೂರುವ ಅಭಿಮಾನಿಗಳನ್ನು ಕರೆಸಿ ಮಾತಾಡಿಸಿ. ಅವರನ್ನು ಹುಚ್ಚರು ಎನ್ನುವ ಬದಲು ಅವರ ಹಾಳೆಯನ್ನು ಕೇಳಿ ಪಡೆಯಿರಿ. ಮೇಳ ಬರುತ್ತದೆಂದರೆ ಗದ್ದೆ ಹದ ಮಾಡಿ, ಚಪ್ಪರ ಹಾಕಿ, ಎಷ್ಟು ಮಂದಿಗೆ ಅನ್ನ ಬೇಯಿಸಬೇಕೆಂದು ತಿಳಿದಿರುವ ಮನೆ ಯಜಮಾನರು ಕರಾವಳಿಯಲ್ಲಿದ್ದಾರೆ. ಒಂದು ರಾಜಧಾನಿಗೆ ಅಷ್ಟು ತಿಳಿಯದೇ?

ಇನ್ನೊಂದು ಮಾತು. ಬರುವುದಾದರೆ ಬೆಂಗಳೂರಿಗೇ ಏಕೆ? ಎಡ್ ಶೀರನ್ ತಿರುಗಾಟದಲ್ಲಿ ಶಿಲ್ಲಾಂಗ್ ಇತ್ತು. ಬ್ರಯಾನ್ ಆಡಮ್ಸ್ 2024ರ ಡಿಸೆಂಬರಿನಲ್ಲಿ ಶಿಲ್ಲಾಂಗಿನಲ್ಲೂ ಹಾಡಿದರು. ಬೆಟ್ಟದ ಮೇಲಿನ, ದೊಡ್ಡ ವಿಮಾನ ಇಳಿಯಲು ಜಾಗವಿಲ್ಲದ ಆ ಊರಿಗೆ ಸಾಧ್ಯವಾದದ್ದು ವಿಮಾನ ನಿಲ್ದಾಣ, ಬಂದರು, ರೈಲು ಎಲ್ಲ ಇರುವ ಮಂಗಳೂರಿಗೆ ಏಕೆ ಆಗುವುದಿಲ್ಲ? ಮೇಘಾಲಯದ ಸರ್ಕಾರ ಸಂಗೀತವನ್ನು ತನ್ನ ಕೆಲಸ ಎಂದುಕೊಂಡಿತು. ನಮ್ಮದು ಉತ್ಸವಗಳಿಗೆ ಪಟ್ಟಿ ಮಾಡುತ್ತದೆ, ಅದರಲ್ಲಿ ಪ್ರತಿ ವರ್ಷ ಅವೇ ಹೆಸರು. ಹುಬ್ಬಳ್ಳಿಯ ಹುಡುಗನೊಬ್ಬ ನಮಗೆ ಬರೆದ ಪತ್ರದಲ್ಲಿ, ಮುಂಬೈಗೆ ಹೋಗುವುದೂ ಬೆಂಗಳೂರಿಗೆ ಹೋಗುವುದೂ ತನಗೆ ಒಂದೇ, ಎರಡೂ ಒಂದು ರಾತ್ರಿಯ ಬಸ್ಸು ಎಂದಿದ್ದಾನೆ. ಅವನ ಊರಿನ ನೆಹರೂ ಮೈದಾನದ ಬಗ್ಗೆ ಒಂದು ಸಾಲು ಬರೆದು ಹೊಡೆದುಹಾಕಿದ್ದಾನೆ. ಹೊಡೆದುಹಾಕದೆ ಮತ್ತೆ ಬರೆದು ಕಳಿಸು ಎಂದು ಉತ್ತರ ಹಾಕಿದ್ದೇನೆ.

ಈ ಸಂಚಿಕೆಯ ವಿಶೇಷ ವಿಭಾಗ: ತಿರುಗಾಟ.

ಮುಂದಿನ ಸಂಚಿಕೆಗೆ ಓದುಗರಿಂದ ನಮಗೊಂದು ಸಹಾಯ ಬೇಕು. ನಿಮ್ಮ ಊರಿನ ಮೈದಾನ ಯಾವುದು, ಎಷ್ಟು ಎಕರೆ, ಯಾರ ಹೆಸರಿನಲ್ಲಿದೆ, ಎಷ್ಟು ಗೇಟು, ಕೊನೆಯ ಬಸ್ಸು ಎಷ್ಟು ಹೊತ್ತಿಗೆ, ಅಲ್ಲಿ ಕೊನೆಯ ಸಲ ಯಾರು ಹಾಡಿದರು, ಇಷ್ಟನ್ನು ಒಂದು ಕಾರ್ಡಿನಲ್ಲಿ ಬರೆದು ಕಳಿಸಿ. ದೀಪಾವಳಿಯೊಳಗೆ ತಲುಪಿದರೆ ಎಲ್ಲವನ್ನೂ ಅಚ್ಚು ಹಾಕುತ್ತೇವೆ.